ಅಂಗಳವೇ ಇಲ್ಲದ ಮಸೀದಿ

ಇಡೀ ಮಸೀದಿಗೆ ಸೂರು! ಈ ಮೂಲೆಯಿಂದ ಆ ಮೂಲೆಗೆ, ಒಂದು ಚೂರೂ ಆಕಾಶ ಬಿಡದೆ! ಯಾವ ದೊಡ್ಡ ಜಾಮಾ ಮಸೀದಿಯನ್ನಾದರೂ ನೆನಪಿಸಿಕೊಳ್ಳಿ, ದಿಲ್ಲಿಯದಿರಲಿ, ನಮ್ಮ ವಿಜಯಪುರದ್ದೇ ಇರಲಿ, ಮುಂದೆ ಬಯಲಿನಂಥ ಅಂಗಳ ಇದ್ದೇ ಇರುತ್ತದೆ. ಕಲಬುರಗಿ ಕೋಟೆಯ ಜಾಮಾ ಮಸೀದಿಗೆ ಅದೇ ಇಲ್ಲ. ಸುಮಾರು 216 ಅಡಿ ಉದ್ದ, 176 ಅಡಿ ಅಗಲ. ಅಷ್ಟೂ ಜಾಗವನ್ನು ಗುಮ್ಮಟಗಳು ಮುಚ್ಚಿವೆ. ಅಬ್ಬಾ, ಎಷ್ಟು ಗುಮ್ಮಟಗಳು! ಎಣಿಸಲು ಹೊರಟವರಿಗೆ ಲೆಕ್ಕ ತಪ್ಪುವುದು ಖಂಡಿತ.

ಕಟ್ಟಿದ್ದು 1367ರಲ್ಲಿ, ಬಹಮನಿ ದೊರೆ ಒಂದನೇ ಮುಹಮ್ಮದ್ ಷಾನ ಕಾಲಕ್ಕೆ. ಕಟ್ಟಿದವನು ಇರಾನಿನ ಕಜ್ವೀನ್ ಮೂಲದ ರಫಿ. ಸುಲ್ತಾನರ ಹೆಸರು ಯಾವ ಕಲ್ಲಿನ ಮೇಲಾದರೂ ಸಿಗುತ್ತದೆ; ಶಿಲ್ಪಿಯ ಹೆಸರು ಇಲ್ಲಿ ಶಾಸನದಲ್ಲೇ ಉಳಿದಿದೆಯಲ್ಲ, ಅದು ಭಾಗ್ಯ.

ಪಕ್ಕದ ಪಡಸಾಲೆಗೆ ಬನ್ನಿ. ಕಮಾನುಗಳ ಕಾಲು ಗಿಡ್ಡ, ಹರವು ವಿಪರೀತ ಅಗಲ. ನೆಲದಿಂದ ಇಷ್ಟೇ ಇಷ್ಟು ಎದ್ದು, ತಕ್ಷಣ ಬಾಗಿ, ದಾರಿಯನ್ನೆಲ್ಲ ತಬ್ಬಿಕೊಂಡುಬಿಡುತ್ತವೆ. ಒಂದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು! ಕೆತ್ತನೆಯ ಆಡಂಬರವಿಲ್ಲ, ಬರೀ ಗಾರೆ. ಬೆಳಕೋ, ಮೇಲಿನಿಂದ ಸುರಿಯದೆ ಬದಿಯ ಕಮಾನುಗಳಿಂದ ನುಸುಳಿ ಬರುತ್ತದೆ. ಹೊರಗೆ ಕಲಬುರಗಿಯ ರಣರಣ ಬಿಸಿಲು, ಒಳಗೆ ತಂಪು. ರಫಿ ಈ ಬಿಸಿಲು ನೋಡಿಯೇ ಸೂರು ಹೊದಿಸಿದನೇನೋ ಅಂತ ನನ್ನ ಊಹೆ.

ಇದನ್ನು ಸ್ಪೇನಿನ ಕಾರ್ಡೋಬಾದ ಮಸೀದಿಗೆ ಹೋಲಿಸುವುದು ಹಳೆಯ ರೂಢಿ. ಹೋಲಿಸಲಿ, ಬೇಡವೆನ್ನುವುದಿಲ್ಲ. ಆದರೆ ಕಾರ್ಡೋಬಾಕ್ಕೂ ಕಿತ್ತಳೆ ಮರಗಳ ಅಂಗಳವಿದೆ ಸ್ವಾಮಿ! ಅಷ್ಟರಮಟ್ಟಿಗೆ ನಮ್ಮದೇ ಹೆಚ್ಚು.

ಸುತ್ತಲಿನದೂ ಕಡಿಮೆಯಲ್ಲ: ಕಿಟಕಿಯೇ ಇಲ್ಲದ ಬಾಲಾ ಹಿಸಾರ್ ಕಟ್ಟಡ, 29 ಅಡಿ ಉದ್ದದ ಬಾರಾ ಗಜಿ ತೋಪು, ಎರಡೂ ಬದಿಗೆ ಕಮಾನಿನ ಕೋಣೆಗಳಿರುವ ಹಳೇ ಬಜಾರು. ಕೋಟೆಯೊಳಗೆ ಜನ ತಲೆಮಾರುಗಳಿಂದ ಸಂಸಾರ ಹೂಡಿದ್ದಾರೆ. ಸುಲ್ತಾನರ ಗೋಡೆಯ ಪಕ್ಕದಲ್ಲೇ ಬಟ್ಟೆ ಒಣಗುತ್ತದೆ.

ಆಮೇಲೆ ಬಹಮನಿಗಳು ರಾಜಧಾನಿಯನ್ನು ಬೀದರಿಗೆ ಒಯ್ದರು. ಬೀದರಿನಲ್ಲಿ ಕೋಟೆ ಎದ್ದಿತು, ಮದರಸಾ ಎದ್ದಿತು, ಆಕಾಶವನ್ನೇ ಮುಚ್ಚುವ ಇಂಥ ಮಸೀದಿಯನ್ನು ಮಾತ್ರ ಅವರು ಮತ್ತೆ ಕಟ್ಟಲಿಲ್ಲ!