ಹೊಡೆಯದೆ ನಾಯಿ ಪಳಗಿಸುವುದು

ನಮ್ಮದು ಚಳ್ಳಕೆರೆ ಕಡೆಯ ಮಳೆ ನಂಬಿದ ಹೊಲ. ಶೇಂಗಾ ಕೈಕೊಟ್ಟ ವರ್ಷ ಮನೆ ನಡೆಸುವುದು ರೊಪ್ಪದಲ್ಲಿರುವ 28 ಕುರಿಗಳು. ರಾತ್ರಿ ಅವನ್ನು ಕಾಯುವುದು ನಾಯಿ. ಹಾಗಾಗಿ ನಾಯಿ ಮಾತು ಕೇಳುವುದು ನಮಗೆ ಹೊಟ್ಟೆಪಾಡಿನ ವಿಷಯ.

ನಾಲ್ಕು ಬಿಟ್ಟರೇನೇ ನಾಯಿಗೆ ಬುದ್ಧಿ ಬರೋದು ಅನ್ನುವವರು ನಮ್ಮಲ್ಲಿ ಜಾಸ್ತಿ. ಹೊಡೆದರೆ ಬಾಲ ಮುದುರಿ ಕೂರುತ್ತದೆ, ನಿಜ. ಆದರೆ ಕೈಯಲ್ಲಿ ಕೋಲು ಇರುವವರೆಗೆ ಮಾತ್ರ. ಬೆನ್ನು ತಿರುಗಿಸಿದರೆ ಮತ್ತೆ ಕೋಳಿ ಹಿಂದೆ.

ಈಗ ಮಾಡಿದ್ದಕ್ಕೂ ಈಗ ಸಿಕ್ಕಿದ್ದಕ್ಕೂ ಮಾತ್ರ ನಾಯಿ ಗಂಟು ಹಾಕುತ್ತದೆ. ಪಕ್ಕದ ಹೊಲದವರ ನಾಯಿ ಬೆಳಿಗ್ಗೆ ಕೋಳಿ ಹಿಡಿಯಿತು. ಮಧ್ಯಾಹ್ನ ಅದನ್ನು ಹೆಸರಿಟ್ಟು ಕರೆದು, ಹತ್ತಿರ ಬಂದ ಮೇಲೆ ಬಾರಿಸಿದರು. ಕರೆದರೆ ಹೋಗಬಾರದು ಅನ್ನೋದಷ್ಟೇ ನಾಯಿಗೆ ತಿಳಿಯಿತು. ಈಗ ಹೆಸರು ಕೂಗಿದರೆ ಬೇಲಿ ದಾಟಿ ಓಡುತ್ತೆ. ರಾತ್ರಿ ತೋಳ ಬಂದಾಗ ಅಂಥ ನಾಯಿ ಇದ್ದೇನು ಬಂತು?

ನಾನು ಮರಿ ತಂದ ದಿನದಿಂದಲೇ ಹೆಸರು ಕೂಗಿ, ಬಂದ ಕ್ಷಣಕ್ಕೆ ಗೋಲಿಯಷ್ಟು ಮುದ್ದೆ ಕೊಡುತ್ತೇನೆ. ದಿನಕ್ಕೆ ಹತ್ತು ಸಲವಾದರೂ ಆಗಬೇಕು. ರೂಢಿಯಾದ ಮೇಲೆ ಒಮ್ಮೆ ಮುದ್ದೆ, ಒಮ್ಮೆ ಬೆನ್ನು ಸವರುವುದು. ಏನೇ ಮಾಡಿ ಬಂದಿರಲಿ, ಕರೆದಾಗ ಬಂದ ನಾಯಿಗೆ ಬೈಯುವುದಿಲ್ಲ. ಮೈಮೇಲೆ ಹಾರಿದರೆ ತಳ್ಳುವುದೂ ಇಲ್ಲ, ತಳ್ಳಿದರೆ ಅದಕ್ಕೆ ಆಟ. ಮುಖ ತಿರುಗಿಸಿ ನಿಂತು, ನಾಲ್ಕೂ ಕಾಲು ನೆಲಕ್ಕೆ ಊರಿದ ಮೇಲೆ ಮಾತಾಡಿಸುತ್ತೇನೆ. ಮನೆಯವರೆಲ್ಲ ಇದೇ ರೀತಿ ನಡೆಯಬೇಕು. ನಾನು ‘ಬೇಡ’ ಅನ್ನುವಾಗಲೇ ಮೊಮ್ಮಗಳು ರೊಟ್ಟಿ ಎಸೆದರೆ ನಾಯಿ ಯಾರ ಮಾತು ಕೇಳಬೇಕು? ನಾಯಿಗಿಂತ ಮೊಮ್ಮಗಳನ್ನು ಒಪ್ಪಿಸಲಿಕ್ಕೇ ಹೆಚ್ಚು ದಿನ ಹಿಡಿಯಿತು.

ಕುರಿ ಕಾಯಬೇಕಾದ ಮರಿಗೆ ಎರಡು ತಿಂಗಳಿನಿಂದಲೇ ರೊಪ್ಪದಲ್ಲಿ ಜಾಗ ಮಾಡಿ. ಕುರಿಯ ವಾಸನೆ, ಕೂಗು ಎಳೆಯದರಲ್ಲೇ ಒಗ್ಗಬೇಕು. ಕುರಿಮರಿಗಳನ್ನು ಅಟ್ಟಿಸಿಕೊಂಡು ಹೋದರೆ ಹೊಡೆಯಬೇಡಿ, ಕುತ್ತಿಗೆಗೆ ಉದ್ದ ಹಗ್ಗ ಕಟ್ಟಿ ಹಿಡಿದುಕೊಳ್ಳಿ. ಅಟ್ಟುವ ಅವಕಾಶವೇ ಸಿಗದಿದ್ದರೆ ಚಟ ಬೆಳೆಯೋದಿಲ್ಲ. ಕುರಿ ನಡುವೆ ಸುಮ್ಮನೆ ಮಲಗಿದ್ದಾಗ ಮುದ್ದೆ ಕೊಡಿ. ನಮ್ಮ ಕೆಂಚನ ಹಗ್ಗ ಪೂರ್ತಿ ಬಿಚ್ಚಲು ಒಂದು ವರ್ಷ ಆಯಿತು. ಅವಸರದವರಿಗೆ ಇದು ಆಗದು.

ಗುರ್ ಅಂದದ್ದಕ್ಕೆ ಮಾತ್ರ ಹೊಡೆಯಲೇಬೇಡಿ. ಕಚ್ಚುವ ಮುಂಚೆ ಅದು ಕೊಡುವ ಎಚ್ಚರಿಕೆ ಅದು. ಹೊಡೆದು ಹೊಡೆದು ಅದನ್ನು ಬಿಡಿಸಿದರೆ ನಾಯಿ ಸದ್ದಿಲ್ಲದೆ ಬಾಯಿ ಹಾಕುತ್ತೆ. ಮಕ್ಕಳಿರುವ ಮನೆಯಲ್ಲಿ ಇದು ದೊಡ್ಡ ಅಪಾಯ. ಚಪ್ಪಲಿ ಕಚ್ಚಿಕೊಂಡು ಗುರುಗುಟ್ಟಿದರೆ ಎಳೆದಾಡದೆ ರೊಟ್ಟಿ ಚೂರು ದೂರ ಎಸೆಯಿರಿ, ತಾನೇ ಬಿಡುತ್ತೆ. ಸಾಧುವಾಗಿದ್ದ ನಾಯಿ ಏಕಾಏಕಿ ಸಿಡುಕಿದರೆ ನೋವೋ ರೋಗವೋ ಇರುತ್ತದೆ. ಹುಚ್ಚುನಾಯಿ ರೋಗವೂ ಇರಬಹುದು, ಮುಟ್ಟದೆ ದನದ ಡಾಕ್ಟರಿಗೆ ಹೇಳಿ. ಯಾವ ನಾಯಿಯೇ ಕಚ್ಚಲಿ, ಗಾಯಕ್ಕೆ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ.

ಈ ರೋಗಕ್ಕೆ ನಾಯಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ಹೊಡೆಯದೆ ಸಾಕಿದ್ದರ ಲಾಭ ಅವತ್ತು ಕಾಣುತ್ತದೆ. ಕೆಂಚನ ಮೂತಿಗೆ ಹಗ್ಗ ಬಿಗಿಯದೆ ತಲೆ ಹಿಡಿದುಕೊಂಡೆ, ಡಾಕ್ಟರು ಸೂಜಿ ಹಾಕಿದರು, ಆಯಿತು. ಪಕ್ಕದ ಹೊಲದವರು ತಮ್ಮ ನಾಯಿಯನ್ನು ಹಿಡಿಯುವಷ್ಟರಲ್ಲಿ ಡಾಕ್ಟರು ಮುಂದಿನ ಹಟ್ಟಿಗೆ ಹೋಗಿಯಾಗಿತ್ತು.