ಸ್ಟಿಕರ್ ಮತ್ತೆ ಅಂಟಿಸಿದರೆ ಬ್ಯಾಟರಿ ಉಳಿಯುತ್ತದೆಯೇ?

ಕಿವಿ ಮಿಷನ್ನಿನ ಬ್ಯಾಟರಿ ಬಾಣಾವರದಂಥ ಊರಿನಲ್ಲಿ ಕೇಳಿದ ಅಂಗಡಿಯಲ್ಲೆಲ್ಲ ಸಿಗುವ ಮಾಲಲ್ಲ. ಅರಸೀಕೆರೆಗೋ ಹಾಸನಕ್ಕೋ ಹೊರಟವರ ಕೈಯಲ್ಲಿ ತರಿಸಬೇಕು. ಹಾಗಾಗಿ ಅದನ್ನು ಉಳಿಸುವ ಉಪಾಯಗಳಿಗೇನೂ ಬರವಿಲ್ಲ. ಎಲ್ಲಕ್ಕಿಂತ ಜನಪ್ರಿಯವಾದದ್ದು: ರಾತ್ರಿ ಬ್ಯಾಟರಿ ತೆಗೆದು, ಅದರ ಬಣ್ಣದ ಸ್ಟಿಕರನ್ನು ಮತ್ತೆ ಅಂಟಿಸಿಡುವುದು.

ಅದರಿಂದ ಹೆಚ್ಚೇನೂ ಉಳಿಯುವುದಿಲ್ಲ. ಇವು ಜಿಂಕ್-ಏರ್ ಬ್ಯಾಟರಿಗಳು. ಸ್ಟಿಕರ್ ಅಡಿಯಲ್ಲಿ ಸೂಜಿಮೊನೆಯಷ್ಟು ರಂಧ್ರಗಳಿವೆ. ಅಲ್ಲಿಂದ ಒಳಹೊಕ್ಕ ಗಾಳಿಯ ಆಮ್ಲಜನಕ ಸತುವಿನೊಡನೆ ಸೇರಿದಾಗಲೇ ವಿದ್ಯುತ್ತು. ಒಮ್ಮೆ ಕಿತ್ತರೆ ಒಳಗಿನ ಕ್ರಿಯೆ ಶುರುವಾಯಿತೆಂದೇ ಲೆಕ್ಕ. ಬೇಕಾದಾಗ ಮಾತ್ರ ಕೀಳಿ, ಕಿತ್ತ ಮೇಲೆ ಮೂರ್ನಾಲ್ಕು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಿ. ಮಲಗುವಾಗ ಮಿಷನ್ನಿನ ಬ್ಯಾಟರಿ ಬಾಗಿಲು ತೆರೆದಿಡಿ: ಖರ್ಚೂ ನಿಲ್ಲುತ್ತದೆ, ಬೆವರಿನ ತೇವವೂ ಆರುತ್ತದೆ. ಫ್ರಿಜ್ಜಿನಲ್ಲಿಡುವುದಂತೂ ಬೇಡವೇ ಬೇಡ. ಹೊರತೆಗೆದಾಗ ಮೈಮೇಲೆ ನೀರಿನ ಪಸೆ ಕೂರುತ್ತದೆ.

ಮಿಷನ್ನು ಕುಯ್ಯೆಂದರೆ ಬ್ಯಾಟರಿ ಕೆಟ್ಟಿದೆ ಎನ್ನುವವರೂ ಇದ್ದಾರೆ. ಸತ್ತ ಬ್ಯಾಟರಿ ಕೂಗುವುದಾದರೂ ಹೇಗೆ? ಕಿವಿಯಚ್ಚು ಸಡಿಲವಾಗಿರಬಹುದು, ಇಲ್ಲವೇ ಗುಗ್ಗೆ ಕಟ್ಟಿರಬಹುದು.

ತೀರಿಹೋದ ತಾತನ ಮಿಷನ್ನನ್ನು ಅಜ್ಜಿಗೆ ಹಾಕುವುದು ಮಿತವ್ಯಯವೇನೋ ಸರಿ, ಆದರೆ ಅದು ತಾತನ ಕಿವಿಗೆ ಹೊಂದಿಸಿದ ಸದ್ದು. ಅಜ್ಜಿಗೆ ಅದು ಸಾಲದೇ ಹೋಗಬಹುದು. ಜಾಸ್ತಿಯಾದರೆ, ಉಳಿದ ಶ್ರವಣಕ್ಕೂ ಕುತ್ತಾಗಬಹುದು. ಮೊದಲು ಶ್ರವಣ ಪರೀಕ್ಷೆ ಆಗಲಿ. ಅರ್ಹರಿಗೆ ಕೇಂದ್ರದ ಅಡಿಪ್ ಯೋಜನೆಯಲ್ಲಿ ಮಿಷನ್ನು ಸಿಗುತ್ತದೆ; 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ, ಜೋಡಣೆ ಎರಡೂ ಆಗುತ್ತವೆ.

ಇನ್ನು ಜೀವಕ್ಕೆ ಸಂಬಂಧಿಸಿದ ನಂಬಿಕೆ: 'ಬ್ಯಾಟರಿ ನುಂಗಿದರೇನು, ಬಾಳೆಹಣ್ಣು ತಿನ್ನಿಸಿ, ಬೆಳಗ್ಗೆ ಹೊರಗೆ ಬರುತ್ತದೆ.' ಎಷ್ಟೋ ಸಲ ಬರುತ್ತದೆ, ನಿಜ. ಆದರೆ ಅನ್ನನಾಳದಲ್ಲಿ ಸಿಕ್ಕಿಕೊಂಡಿದೆಯೋ ಇಲ್ಲವೋ ಎಂದು ಎಕ್ಸ್-ರೇ ಇಲ್ಲದೆ ಹೇಳಲಾಗದು. ಸಿಕ್ಕಿಕೊಂಡ ಗುಂಡಿ ಬ್ಯಾಟರಿ ಎಂಜಲಿನ ತೇವದಲ್ಲಿ ವಿದ್ಯುತ್ ಹರಿಸಿ, ಎರಡು ಗಂಟೆಯಲ್ಲೇ ಗಂಟಲನ್ನು ಸುಡಬಲ್ಲದು. ರಿಮೋಟು, ಆಟಿಕೆಗಳ ದೊಡ್ಡ ಲಿಥಿಯಂ ಬಿಲ್ಲೆಗಳು ಇನ್ನೂ ಘೋರ. ಚಾರ್ಜು ಮುಗಿದದ್ದೂ ಸುರಕ್ಷಿತವಲ್ಲ. ಮಿಷನ್ನಿಗೆ ಸಾಲದಷ್ಟು ವಿದ್ಯುತ್ತು ಗಂಟಲಿಗೆ ಸಾಕು. ನುಂಗುವವರು ಮಕ್ಕಳಷ್ಟೇ ಅಲ್ಲ. ದಿಂಬಿನ ಪಕ್ಕದ ಬಟ್ಟಲಲ್ಲಿ ಬಿಪಿ ಮಾತ್ರೆಯ ಜತೆ ಬ್ಯಾಟರಿ ಇಟ್ಟುಕೊಳ್ಳುವ ಹಿರಿಯರು ಅರೆಗತ್ತಲಲ್ಲಿ ಯಾವುದನ್ನು ಬಾಯಿಗೆ ಹಾಕಿಕೊಂಡಾರು?

ವಾಂತಿ ಮಾಡಿಸಬೇಡಿ, ಊಟ ಕೊಡಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ. ವರ್ಷ ದಾಟಿದ, ನುಂಗಬಲ್ಲ ಮಗುವಾದರೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಚಮಚ ಜೇನುತುಪ್ಪ ಕೊಡಬಹುದು, ಆರು ಸಲ ಮೀರದಂತೆ. ವರ್ಷದೊಳಗಿನ ಕೂಸಿಗೆ ಕೂಡದು. ಜೇನು ಹುಡುಕುತ್ತ ಹೊರಡುವುದು ತಡವಾಗಬಾರದು. ಹಾಸನ ಬಾಣಾವರದಿಂದ ಹತ್ತಿರ ಹತ್ತಿರ 60 ಕಿ.ಮೀ.

ಬ್ಯಾಟರಿಯನ್ನು ಮೂಗಿಗೋ ಕಿವಿಗೋ ತುರುಕಿಕೊಂಡರೆ ತೆಂಗಿನ ಸೀಮೆಯವರಿಗೆ ಮೊದಲು ನೆನಪಾಗುವುದೇ ಎಣ್ಣೆ. ಎಣ್ಣೆಯನ್ನೂ ಬಿಡಬೇಡಿ, ಹನಿ ಔಷಧಿಯನ್ನೂ ಹಾಕಬೇಡಿ, ಹೇರ್‌ಪಿನ್ನಿನಿಂದ ಕೆದಕಬೇಡಿ. 108ಕ್ಕೆ ಕರೆ ಮಾಡಿ, ಬ್ಯಾಟರಿಯ ಖಾಲಿ ಪ್ಯಾಕೆಟ್ ಜತೆಗೇ ಒಯ್ಯಿರಿ. 13 ಎಂದಿದೆಯೋ 675 ಎಂದಿದೆಯೋ ನೋಡಿದರೆ ವೈದ್ಯರಿಗೆ ಅದರ ಅಳತೆ ತಿಳಿಯುತ್ತದೆ.