ಎದೆಗೆ ಪೇಪರು, ಕಿವಿಗೆ ಮಫ್ಲರು

ಕಾರವಾರದಲ್ಲೂ ಚಳಿಯೇ ಎಂದು ಘಟ್ಟದ ಮೇಲಿನವರು ಹುಬ್ಬೇರಿಸುತ್ತಾರೆ. ಅಂಕೆ ನೋಡಿದರೆ ಅವರ ಮಾತು ಸರಿ. ಜನವರಿಯಲ್ಲೂ ಇಲ್ಲಿ ಬೆಳಗಿನ ಉಷ್ಣಾಂಶ ಸಾಮಾನ್ಯವಾಗಿ 20 ಡಿಗ್ರಿ ಆಸುಪಾಸು, ಮಧ್ಯಾಹ್ನ 30 ದಾಟುತ್ತದೆ. ಆದರೆ ನಸುಕಿನಲ್ಲಿ ಸೈಕಲ್ ಹತ್ತಿ ಬಿಣಗಾ, ಅರ್ಗಾ, ಅಮದಳ್ಳಿ, ಅವರ್ಸಾ ಹಾದು ಅಂಕೋಲೆ ಕಡೆಗೆ ಹೊರಟವರನ್ನು ಕೇಳಿ ನೋಡಿ. ಅವರು ಮೊದಲು ಹೇಳುವುದು ಎಡಗಿವಿಯ ಪಾಡು. ರಾತ್ರಿಯಿಡೀ ನೆಲ ತಣಿದು, ಸಹ್ಯಾದ್ರಿಯ ಮೇಲಿನ ತಂಪು ಗಾಳಿ ಭಾರವಾಗಿ, ಕಣಿವೆಗುಂಟ ಕಡಲಿಗೆ ಇಳಿಯುತ್ತಿರುತ್ತದೆ. ತೆಂಕಲಿಗೆ ಹೊರಟವರಿಗೆ ಆ ಗಾಳಿ ಬರುವ ಮೂಡಣ ದಿಕ್ಕು ಎಡಕ್ಕೆ. ಗುಡ್ಡದ ಮರೆ ಇರುವಷ್ಟು ಹೊತ್ತು ಏನೂ ಗೊತ್ತಾಗುವುದಿಲ್ಲ. ಹಳ್ಳವೋ ಗದ್ದೆಬಯಲೋ ತೆರೆದುಕೊಂಡಿತೆಂದರೆ ಪಕ್ಕೆಗೆ ಬಡಿಯುತ್ತದೆ. ಈ ದಾರಿಯಾಚೆಯ ಕಾಳಿ, ಗಂಗಾವಳಿ ಹೊಳೆಗಳ ಸೇತುವೆ ಮೇಲಂತೂ ಹ್ಯಾಂಡಲ್ ಹಿಡಿದ ಬೆರಳು ತಣ್ಣಗೆ ಕೊರೆಯುತ್ತದೆ.

ಸೈಕಲ್ಲಿನವರನ್ನು ನಡುಗಿಸುವುದು ಗಾಳಿ. ಅದರಲ್ಲಿ ಅರ್ಧಪಾಲು ಅವರೇ ಹುಟ್ಟಿಸಿಕೊಂಡದ್ದು, ಏಕೆಂದರೆ ಎಲೆ ಅಲ್ಲಾಡದ ಬೆಳಿಗ್ಗೆಯಲ್ಲೂ ಗಂಟೆಗೆ 20 ಕಿ.ಮೀ. ವೇಗದಲ್ಲಿ ತುಳಿದರೆ ಅಷ್ಟೇ ವೇಗದ ಗಾಳಿ ಎದೆಗೆ ಎದುರಾಗುತ್ತದೆ. ಇತ್ತ ಮೈಯೊಳಗೆ ಒಲೆ ಉರಿಯುತ್ತಿರುತ್ತದೆ. ಪೆಡಲ್ ತುಳಿಯುವಾಗ ದೇಹ ಖರ್ಚುಮಾಡುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗ ಚಕ್ರಕ್ಕೆ ಸಲ್ಲುತ್ತದೆ, ಉಳಿದದ್ದೆಲ್ಲ ಶಾಖ. ಹಾಗಾಗಿ ಎದೆ ತಣ್ಣಗಾದರೆ ಬೆನ್ನು ಬೆವರುತ್ತದೆ. ಆ ಬೆವರು ಆರುವಾಗ ಮೈಯ ಕಾವನ್ನೂ ಎಳೆದುಕೊಂಡು ಹೋಗುತ್ತದೆ. ನಡೆಯುವವರಿಗೆ ಸಾಕಾಗುವ ಅಂಗಿ ಸೈಕಲ್ಲಿನವರಿಗೆ ಸಾಲದು, ನಡೆಯುವವರಿಗೆ ಹಿತವಾದ ದಪ್ಪ ಕೋಟು ಸೈಕಲ್ಲಿನವರಿಗೆ ಹಿಂಸೆ. ಈ ತೊಡಕನ್ನು ಬಿಡಿಸುವುದಕ್ಕೆ ಹಿಡಿದ ಕಾಲ ನೂರು ವರ್ಷಕ್ಕೂ ಹೆಚ್ಚು.

ಗಾಳಿಯಿಂದ ಚಳಿ ಎಷ್ಟು ಏರುತ್ತದೆಂದು ಅಳೆದವರು ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್. 1941ರಲ್ಲಿ ಅಂಟಾರ್ಕ್ಟಿಕಾದಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿಟ್ಟು, ಬೇರೆ ಬೇರೆ ಗಾಳಿಗೆ ಅದು ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆಂದು ಅವರು ನೋಡಿದರು. ಇಂದು ಹವಾಮಾನ ಇಲಾಖೆಗಳು ಬಳಸುವ ಗಾಳಿಚಳಿಯ ಪಟ್ಟಿ 10 ಡಿಗ್ರಿಯಿಂದ ಕೆಳಕ್ಕಷ್ಟೇ ಅನ್ವಯ. ನಮ್ಮ ಕರಾವಳಿ ಆ ಪಟ್ಟಿಯ ಹೊರಗೇ ಉಳಿಯುತ್ತದೆ. ಇಲ್ಲಿನ ಚಳಿಗೆ ಅಳತೆ ಸಿಕ್ಕಿಲ್ಲ, ಉಪಾಯ ಮಾತ್ರ ಸಿಕ್ಕಿದೆ.

ಮೊದಲ ಉಪಾಯ ಕಂಬಳಿ. ಡೆಕ್ಕನಿ ಕುರಿಯ ಒರಟು ಉಣ್ಣೆಯನ್ನು ಕೈಯಲ್ಲೇ ನೂತು, ಗುಂಡಿಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಅಂಟು ಬಳಿದು ಗಟ್ಟಿಮಾಡಿದ ಕುರುಬರ ಕಂಬಳಿ. ಚಳ್ಳಕೆರೆ, ಮೆಡ್ಲೇರಿ ಕಡೆಯಿಂದ ಮಲೆನಾಡಿಗೂ ಕರಾವಳಿಗೂ ಅದು ಬರುತ್ತಿತ್ತು. ಮಳೆಗಾಲದಲ್ಲಿ ಒಂದು ಮೂಲೆ ಮಡಚಿ ತಲೆಗೆ ಸಿಕ್ಕಿಸಿದರೆ ಕೊಪ್ಪೆ, ಚಳಿಗಾಲದಲ್ಲಿ ಹೊದಿಕೆ. ಉಣ್ಣೆಯ ಗುಣವೇ ಬೇರೆ. ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ನೀರಾವಿ ಹೀರಿಕೊಂಡರೂ ಕೈಗೆ ಒದ್ದೆ ಎನಿಸುವುದಿಲ್ಲ, ಹೀರುವಾಗ ತುಸು ಶಾಖವನ್ನೂ ಬಿಡುತ್ತದೆ. ಗದ್ದೆಯ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತವರಿಗೆ ಇದಕ್ಕಿಂತ ಒಳ್ಳೆಯ ಹೊದಿಕೆ ಇಲ್ಲ. ಆದರೆ ಸೈಕಲ್ ಮೇಲೆ ಕಂಬಳಿ ಗಾಳಿಪಟ. ಸೆರಗು ಹಾರಿ ಚೈನಿಗೆ ಸಿಗುತ್ತದೆ, ಎದುರುಗಾಳಿ ತುಂಬಿಕೊಂಡು ಹಿಂದಕ್ಕೆ ಜಗ್ಗುತ್ತದೆ. ಸೈಕಲ್ ಬಂದ ಮೇಲೆ ಕಂಬಳಿ ಕ್ಯಾರಿಯರ್‌ಗೆ ಹೋಯಿತು, ಕಿವಿಗೆ ಟವೆಲ್ಲೋ ಮಫ್ಲರೋ ಬಂತು. ಪೇಪರ್ ಹಾಕಲು ಹೊರಟ ಹುಡುಗನಿಗೆ ಅಂಕೋಲೆಯ ಅಮ್ಮಂದಿರು ಬಾಗಿಲಲ್ಲಿ ನಿಂತು ಹೇಳುವ ಮಾತೂ ಅದೇ: “ಕಿವಿ ಮುಚ್ಕಳೋ ತಮಾ, ಥಂಡಿ ಹಿಡಿತದೆ.”

ಆಮೇಲೆ ಬಂದದ್ದು ಸ್ವೆಟರ್. ಅದು ಬಂದ ದಾರಿ ನನಗೆ ಬಹಳ ಪ್ರೀತಿಯದು. ಪಂಜಾಬಿನ ಲೂಧಿಯಾನದಲ್ಲಿ ಉಣ್ಣೆ ಕೆಲಸಕ್ಕೆ ಬುನಾದಿ ಹಾಕಿದವರು 19ನೇ ಶತಮಾನದಲ್ಲಿ ಅಲ್ಲಿಗೆ ವಲಸೆ ಬಂದ ಕಾಶ್ಮೀರಿ ಶಾಲು ನೇಕಾರರು. ಅದೇ ಊರಲ್ಲಿ 1956ರಲ್ಲಿ ಹೀರೋ ಸೈಕಲ್ ಕಂಪನಿ ಶುರುವಾಯಿತು. ನಮ್ಮ ಎಷ್ಟೋ ಮನೆಗಳ ಸೈಕಲ್ಲೂ ಅದನ್ನು ತುಳಿಯುವವರ ಸ್ವೆಟರೂ ಒಂದೇ ಊರಿನಿಂದ ಬಂದವು. ಅವುಗಳಲ್ಲಿ ಸ್ವೆಟರನ್ನು ತಂದುಕೊಟ್ಟವರಲ್ಲಿ ನಮ್ಮದೇ ಜಿಲ್ಲೆಯ ಮುಂಡಗೋಡಿನ ಟಿಬೆಟನ್ನರಿದ್ದಾರೆ. ಅಲ್ಲಿ ಅವರ ನೆಲೆ ಆರಂಭವಾದದ್ದು 1966ರಲ್ಲಿ. ಮೆಕ್ಕೆಜೋಳ, ಭತ್ತದ ಕೊಯ್ಲು ಮುಗಿದ ಮೇಲೆ ಹೊಲದಲ್ಲಿ ಕೆಲಸ ಕಡಿಮೆ. ಆಗ ಲೂಧಿಯಾನದ ವ್ಯಾಪಾರಿಗಳಿಂದ ಉದ್ರಿಯಲ್ಲಿ ಮಾಲು ತಂದು, ಊರೂರ ರಸ್ತೆಬದಿಯಲ್ಲಿ ಹಗ್ಗ ಕಟ್ಟಿ ನೇತುಹಾಕಿ ಮಾರುತ್ತಾರೆ. ಸೀಸನ್ ಮುಗಿದ ಮೇಲೆ ಬಾಕಿ ತೀರಿಸುತ್ತಾರೆ. ಹಿಮದ ನಾಡನ್ನು ಬಿಟ್ಟುಬಂದವರು ಬಿಸಿಲ ನಾಡಿನವರಿಗೆ ಬೆಚ್ಚನೆಯ ಬಟ್ಟೆ ಉಡಿಸಿದ ಈ ಕತೆ ಇನ್ನೂ ಸರಿಯಾಗಿ ದಾಖಲಾಗಿಲ್ಲ ಎಂಬ ಕೊರಗು ನನಗಿದೆ.

2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದ ಮೇಲೆ ಯೂನಿಫಾರ್ಮಿನ ಮೇಲೆ ಸ್ವೆಟರ್ ಏರಿಸಿ ಹೈಸ್ಕೂಲಿಗೆ ಸೈಕಲ್ ತುಳಿಯುವ ಹುಡುಗಿಯರು ಹಳ್ಳಿದಾರಿಗಳಲ್ಲೂ ಕಾಣತೊಡಗಿದರು.

ಆದರೆ ಹೆಣೆದ ಸ್ವೆಟರಿನ ಕಣ್ಣುಗಳೊಳಗೆ ಗಾಳಿ ಸಲೀಸಾಗಿ ತೂರುತ್ತದೆ. ನಿಂತಾಗ ಬೆಚ್ಚಗೆ, ಓಡಿಸುವಾಗ ತಣ್ಣಗೆ. ಇದಕ್ಕೆ ಪೇಪರ್ ಹಾಕುವವರ ಉಪಾಯವೇ ಉಪಾಯ. ಹುಬ್ಬಳ್ಳಿಯಲ್ಲಿ ಅಚ್ಚಾಗಿ, ಅರಬೈಲ್ ಘಟ್ಟ ಇಳಿದು ಬಂದ ಪತ್ರಿಕೆಯ ಎರಡು ಹಾಳೆಯನ್ನು ಅಂಗಿಯೊಳಗೆ ಎದೆಗೆ ಅಡ್ಡಲಾಗಿ ಇಟ್ಟುಕೊಳ್ಳುವುದು. ಕಾಗದ ಗಾಳಿಯನ್ನು ತಡೆಯುತ್ತದೆ, ಹಾಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ ಕಾವನ್ನು ಹಿಡಿದಿಡುತ್ತದೆ, ಕಾಗದವೇ ಬೆವರನ್ನೂ ಸ್ವಲ್ಪ ಕುಡಿಯುತ್ತದೆ. ಬೆನ್ನಿಗೆ ಏನೂ ಇರಬಾರದು, ಅಲ್ಲಿಂದ ಹಬೆ ಹೊರಹೋಗಬೇಕು. ಬಿಸಿಲೇರಿದರೆ ಎಳೆದು ಮಡಚಿಟ್ಟರೆ ಮುಗಿಯಿತು.

ಇದೇ ಉಪಾಯ ಯುರೋಪಿನ ದೊಡ್ಡ ಸ್ಪರ್ಧಿಗಳದ್ದೂ ಹೌದು. 1903ರಲ್ಲಿ ಶುರುವಾದ ಟೂರ್ ಡಿ ಫ್ರಾನ್ಸ್‌ನಲ್ಲಿ ದಶಕಗಳ ಕಾಲ ಉಣ್ಣೆಯ ಜೆರ್ಸಿಯದೇ ರಾಜ್ಯ. ಬೆಟ್ಟದ ತುದಿ ಮುಟ್ಟಿದ ಸವಾರರು ನೋಡಲು ನಿಂತವರ ಕೈಯಿಂದ ಪತ್ರಿಕೆ ಇಸಿದುಕೊಂಡು ಎದೆಗೆ ತುರುಕಿ ಇಳಿಯುತ್ತಿದ್ದರು. ಹತ್ತುವಾಗ ಬೆವರಿ ತೊಯ್ದ ಮೈ ಇಳಿಜಾರಿನಲ್ಲಿ ಏನಾಗುತ್ತದೆಂಬುದನ್ನು 1988ರ ಜೂನ್ 5 ತೋರಿಸಿತು. ಅಂದು ಇಟಲಿಯ ಜಿರೋ ಸ್ಪರ್ಧೆ 2,600 ಮೀಟರ್ ದಾಟಿದ ಗಾವಿಯಾ ಘಾಟಿಯನ್ನು ಹಿಮಪಾತದಲ್ಲೇ ಹಾಯಿತು. ಹಾಲೆಂಡಿನ ಯೋಹಾನ್ ವಾನ್ ಡರ್ ವೆಲ್ಡೆ ಗಿಡ್ಡತೋಳಿನ ಜೆರ್ಸಿಯಲ್ಲೇ ಎಲ್ಲರಿಗಿಂತ ಮೊದಲು ತುದಿ ಮುಟ್ಟಿದ. ಇಳಿಯುವಾಗ ಚಳಿಗೆ ಸೋತು, ಗುರಿ ತಲುಪುವಷ್ಟರಲ್ಲಿ ಮುಕ್ಕಾಲು ಗಂಟೆಗೂ ಹೆಚ್ಚು ಹಿಂದೆ ಬಿದ್ದಿದ್ದ. ಅಮೆರಿಕದ ಆಂಡಿ ಹ್ಯಾಂಪ್‌ಸ್ಟನ್‌ನ ತಂಡದವರು ಮೊದಲೇ ಹಿಮಕ್ರೀಡೆಯ ಅಂಗಡಿಗೆ ಹೋಗಿ ದಪ್ಪ ಗ್ಲೌಸ್, ಟೋಪಿಗಳನ್ನು ಕೊಂಡಿದ್ದರು. ಅಂದು ಎರಡನೆಯವನಾಗಿ ಬಂದು, ಮುನ್ನಡೆಯಲ್ಲಿರುವವರ ಗುಲಾಬಿ ಅಂಗಿ ತೊಟ್ಟ ಆತ ಕೊನೆಗೆ ಇಡೀ ಸ್ಪರ್ಧೆಯನ್ನೇ ಗೆದ್ದ. ಆ ಪ್ರಶಸ್ತಿ ಅಮೆರಿಕಕ್ಕೆ ಸಿಕ್ಕಿದ್ದು ಅದೇ ಮೊದಲು.

ಗಾಳಿ ತಡೆದು ಹಬೆಯನ್ನು ಹೊರಬಿಡುವ ಬಟ್ಟೆಗೆ ದಾರಿಯಾದದ್ದು 1969ರಲ್ಲಿ ಬಾಬ್ ಗೋರ್ ಟೆಫ್ಲಾನ್ ಸರಳೊಂದನ್ನು ಥಟ್ಟನೆ ಎಳೆದು ಹಿಗ್ಗಿಸಿದಾಗ. ಇಂದು ಹುಬ್ಬಳ್ಳಿಯಿಂದ ಯಲ್ಲಾಪುರ ಹಾದು ಅಂಕೋಲೆಗೆ ಸೈಕಲ್ಲಿನಲ್ಲಿ ಬರುವವರ ಬೆನ್ನಿನ ಜೇಬಿನಲ್ಲಿ ಮುಷ್ಟಿಯಷ್ಟಕ್ಕೆ ಮಡಚಿದ ತೆಳು ವಿಂಡ್‌ಚೀಟರ್ ಇರುತ್ತದೆ, ತೋಳಿಗೆ ಬೇಕಾದಾಗ ಎಳೆದುಕೊಳ್ಳುವ ಕವಚ ಇರುತ್ತದೆ. ವಿಂಡ್‌ಚೀಟರನ್ನು ಅರಬೈಲ್ ಇಳಿಜಾರು ಶುರುವಾಗುವ ಮುಂಚೆಯೇ ನಿಂತು ತೊಡಬೇಕು. ಅರ್ಧ ಇಳಿದ ಮೇಲೆ ನಡುಗುವ ಕೈಗೆ ಜಿಪ್ ಸಿಗುವುದಿಲ್ಲ, ಆ ತಿರುವುಗಳಲ್ಲಿ ಲಾರಿಗಳ ನಡುವೆ ನಿಲ್ಲಲು ಜಾಗವೂ ಇಲ್ಲ.

ಕಾರವಾರದಿಂದಲೇ ಹೊರಡುವವರಿಗೆ ಮಾತ್ರ ಇಷ್ಟು ಸಾಮಾನು ಬೇಡವೆಂಬುದು ನನ್ನ ಅಭಿಪ್ರಾಯ. ಒಳಗೊಂದು ತೆಳು ಬನಿಯನ್ನು, ಮೇಲೊಂದು ಉದ್ದತೋಳಿನ ಅಂಗಿ, ಎದೆಗೆ ಎರಡು ಹಾಳೆ, ಕಿವಿಗೆ ಮಫ್ಲರ್, ಬೆರಳಿಗೆ ಗ್ಲೌಸ್. ಮಫ್ಲರಿನ ತುದಿಗಳನ್ನು ಕಾಲರಿನೊಳಗೆ ಸಿಕ್ಕಿಸಿಕೊಳ್ಳಬೇಕು, ಜೋತಾಡಲು ಬಿಡಬಾರದು. ಆಮೇಲೆ ದಾರಿ ಆರಿಸಿಕೊಳ್ಳುವುದು. ಮೈ ಒಣಗಿರುವಾಗಲೇ ಕಾಳಿ ಕಣಿವೆಯ ಎದುರುಗಾಳಿಗೆ ಮುಖಕೊಟ್ಟು ಕದ್ರಾ ಕಡೆಗೆ ತುಳಿದುಬಿಟ್ಟರೆ, ಬೆವರಿದ ಮೇಲೆ ವಾಪಸು ಬರುವಾಗ ಅದೇ ಗಾಳಿ ಬೆನ್ನಿಗೆ ಸಿಗುತ್ತದೆ. ಹೊತ್ತೇರಿ ಕಡಲಗಾಳಿ ತಿರುಗುವ ಮುಂಚೆ ಊರು ಸೇರಿದರಾಯಿತು.